ಎರಡು ರಿಂಗಿನ ಸುದ್ದಿ

ಟಕ್... ಟಕ್ ಟಕ್. ಚಳಿ ಹಿಡಿದಾಗಿನಿಂದ ಮಹಾಂತಮ್ಮನ ಅಡುಗೆಮನೆಯ ಕಿಟಕಿಗೆ ಆ ಸದ್ದು ಬಂದು ತಾಗುತ್ತಿತ್ತು. ಯಾರೋ ಗೋಡೆಗೆ ಕನ್ನ ಕೊರೆಯುತ್ತಿದ್ದಾರೆಂದೇ ಅವಳು ಮೊದಲ ವಾರ ನಂಬಿದ್ದಳು. ಹೋಗಿ ನೋಡಿದರೆ ಬಯಲಲ್ಲೊಂದು ಕಬ್ಬಿಣದ ಗೋಪುರ, ಅದರ ಮೇಲೆ ನೀರು ಹಾಯಿಸಿ ಗಟ್ಟಿಮಾಡಿದ ಮಂಜುಗಡ್ಡೆ, ಎರಡೂ ಕೈಯಲ್ಲಿ ಪುಟ್ಟ ಕೊಡಲಿ ಹಿಡಿದು ಹತ್ತುವ ಜನ.

ಗಂಡ ಸಿದ್ದಲಿಂಗೇಶ ಕಂಪ್ಯೂಟರ್ ಪರಿಣತರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದವನು. ಅಬ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕಿಗೆ ಪ್ರೋಗ್ರಾಮ್ ಬರೆಯುತ್ತಿದ್ದ. ಅವಳ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇರಲಿಲ್ಲ. ಹಾಗಾಗಿ ಆ ಗೋಪುರ ಹತ್ತುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಸ್ವಯಂಸೇವಕರು ಬೇಕೆಂದಾಗ ಹೆಸರು ಕೊಟ್ಟಳು. ಮುಖ್ಯ ತೀರ್ಪುಗಾರ್ತಿ ಶ್ರೀಮತಿ ಬ್ರೊಯರ್ ಅವಳಿಗೊಂದು ಕುರ್ಚಿ ಕೊಟ್ಟು, ಐಸೊಲೇಶನ್ ಕೋಣೆಯ ಬಾಗಿಲಲ್ಲಿ ಕೂರಿಸಿದಳು. ಎರಡು ವರ್ಷದಲ್ಲಿ ಆ ಊರು ಅವಳಿಗೆ ಕೊಟ್ಟ ಮೊದಲ ಜಾಗ ಅದು.

ನಿಯಮ ಸರಳ. ದಾರಿ ಹೇಗಿದೆಯೆಂದು ಹತ್ತುವವರಿಗೆ ಮೊದಲೇ ಗೊತ್ತಾಗಬಾರದು. ತಮ್ಮ ಸರದಿ ಬರುವವರೆಗೆ ಅವರೆಲ್ಲ ಒಳಗೆ. ಅವರ ಮೊಬೈಲುಗಳು ಹೊರಗೆ, ಅವಳ ಪಕ್ಕದ ಬುಟ್ಟಿಯಲ್ಲಿ.

ಬೆಳಗಿನ ಸುತ್ತಿಗೆ ಮುಂಚೆ ಬುಟ್ಟಿಯಲ್ಲೊಂದು ಫೋನು ಒಮ್ಮೆ ರಿಂಗಾಗಿ ನಿಂತಿತ್ತು. ಆ ಸುತ್ತಿನಲ್ಲಿ ಗೋಪುರದ ನಡುವೆ ದಾರಿ ಕವಲೊಡೆಯುವಲ್ಲಿ ಎಲ್ಲರೂ ತಡವರಿಸಿದರೆ, ಯೋರ್ಗ್ ಎಂಬವನು ಮಾತ್ರ ತಲೆಯೆತ್ತದೆ ಬಲಕ್ಕೆ ಹೋದ. ಈಗ, ಫೈನಲ್ ಶುರುವಾಗುವ ಮುನ್ನ, ಅದೇ ಫೋನು ಎರಡು ಸಲ ರಿಂಗಾಗಿ ನಿಂತಿತು. ಒಳಗೆ ಯೋರ್ಗ್ ಬೂಟಿನ ದಾರ ಬಿಗಿದುಕೊಂಡ.

ಗದಗಿನಿಂದ ಅವಳ ಅವ್ವ ಒಂದು ರಿಂಗ್ ಕೊಟ್ಟರೆ ಎಲ್ಲ ಕ್ಷೇಮ, ಎರಡು ಕೊಟ್ಟರೆ ತಿರುಗಿ ಫೋನ್ ಮಾಡು. ಎತ್ತದ ಫೋನೂ ಮಾತಾಡುತ್ತದೆಂದು ಮಹಾಂತಮ್ಮನಿಗೆ ಯಾರೂ ಕಲಿಸಬೇಕಿರಲಿಲ್ಲ.

ಒಂದು ರಿಂಗ್ ಅಂದರೆ ಬಲ, ಎರಡು ಅಂದರೆ ಎಡ ಎಂದು ಅವಳು, ಸ್ಪರ್ಧೆ ನೋಡಲು ಬಂದಿದ್ದ ಗಂಡನ ಮೂಲಕ ಮುಖ್ಯ ತೀರ್ಪುಗಾರ್ತಿಗೆ ಹೇಳಿಸಿದಳು. “ಯಾರೂ ಎತ್ತಲೇ ಇಲ್ಲವಲ್ಲ?” ಎಂದಳು ಬ್ರೊಯರ್. ಸಿದ್ದಲಿಂಗೇಶ ಅದನ್ನು ಕನ್ನಡಕ್ಕೆ ತಂದ. “ಮಾತು, ಸನ್ನೆ ಕೂಡದು ಅಂತ ನಿಯಮ ಐತಿ, ರಿಂಗಿನ ಬಗ್ಗೆ ಏನೂ ಇಲ್ಲಂತ. ನಿನ್ ಮಾತು ಸುಳ್ಳಾದ್ರ ಯೋರ್ಗ್ ಲಿಖಿತ ದೂರು ಕೊಡ್ತಾನ, ಆಮ್ಯಾಲ ನಿನ್ನ ಈ ಬಾಗಲ್ದಾಗ ಕುಂಡ್ರಸೂದಿಲ್ಲಂತ. ಸುಮ್ನಿರು ಮಾರಾಯ್ತಿ, ಇರೋದೊಂದ್ ಕುರ್ಚಿ.”

“ಹೆಸರು ಹೇಳೂದ ಬ್ಯಾಡ. ಆ ಕವಲಿನ ಹಿಂದ ಅಡಗಿಸಿದ, ಕೊಡಲಿ ಸಿಗಿಸೂ ಹಿಡಿಕಿ ಈ ಸಲ ಎಡಕ್ಕೈತಿ. ಇನ್ನೂ ಯಾರೂ ಹತ್ತಿಲ್ಲ. ಬಲಕ್ಕ ಹಾಕ್ಸಂತ ಹೇಳು. ಎಲ್ಲಾರಿಗೂ ಒಂದ ದಾರಿ ಆಗ್ತದ.”

ಸುತ್ತು ಶುರುವಾಗುವ ಮುನ್ನ ದಾರಿ ಬದಲಿಸುವ ಅಧಿಕಾರ ತೀರ್ಪುಗಾರರಿಗಿತ್ತು. ಬ್ರೊಯರ್ ಒಪ್ಪಿದಳು. ಯೋರ್ಗ್‌ನ ಕೋಚ್, ಹೊರಗೆ ಗೋಪುರ ನೋಡುತ್ತ ನಿಂತಿದ್ದವನು, ಕಾಫಿಗೆ ಹೋದಾಗ ಕೆಲಸಗಾರನೊಬ್ಬ ನೀರಿನ ಪೈಪು ಹೊತ್ತು ಮೇಲೇರಿ, ಹಿಡಿಕೆಯನ್ನು ಬಲಕ್ಕೆ ಹಾಕಿ ಎಡಗಡೆ ನೀರು ಹಾಯಿಸಿದ.

ಮೊದಲ ಇಬ್ಬರು ಕವಲಿನಲ್ಲಿ ನಿಂತರು, ಕತ್ತು ಚಾಚಿ ಹುಡುಕಿದರು, ಬಲಕ್ಕೆ ಹೋದರು. ಯೋರ್ಗ್ ಬಂದ. ನಿಲ್ಲಲಿಲ್ಲ. ನೋಡದೆಯೇ ಎಡಕ್ಕೆ ಕೊಡಲಿ ಬೀಸಿದ. ಅದು ನುಣ್ಣನೆಯ ಗಡ್ಡೆಯ ಮೇಲೆ ಜಾರಿತು. ಅವನು ಹಗ್ಗದಲ್ಲಿ ತೂಗಾಡಿದ.

ಬ್ರೊಯರ್ ಕೋಚನ್ನು ಕರೆಸಿದಳು. ಅವನ ಫೋನಿನಲ್ಲಿ ಎರಡು ಕರೆಗಳಿದ್ದವು, ಎರಡೂ ಯೋರ್ಗ್‌ಗೆ. “ಸಮಯ ಕೇಳೋಣ ಅಂತ ಮಾಡಿದ್ದೆ,” ಎಂದ.

“ಕೋಣ್ಯಾಗ ಗಡಿಯಾರ ಐತಲ್ಲ,” ಎಂದಳು ಮಹಾಂತಮ್ಮ. ಸಿದ್ದಲಿಂಗೇಶ ನಗು ತಡೆದು ಜರ್ಮನ್‌ಗೆ ತಿರುಗಿಸಿದ.

ಸ್ಪರ್ಧೆ ಇನ್ನೂ ಮುಗಿದಿರಲಿಲ್ಲ. ಅದೇ ಕೋಚನ ಇನ್ನೊಬ್ಬಳು ಶಿಷ್ಯೆ ಸರದಿ ಕಾಯುತ್ತ ಒಳಗೇ ಇದ್ದಳು. ಬ್ರೊಯರ್ ಬುಟ್ಟಿಯ ಫೋನುಗಳನ್ನೆಲ್ಲ ಸ್ವಿಚ್ ಆಫ್ ಮಾಡಿ, ಮಹಾಂತಮ್ಮನ ಕುರ್ಚಿಯನ್ನು ತಾನೇ ನೆಟ್ಟಗೆ ಇಟ್ಟಳು. ರಿಂಗಿನ ಬಗ್ಗೆ ಅಂತರರಾಷ್ಟ್ರೀಯ ಸಮಿತಿಗೆ ಬರೆಯುತ್ತೇನೆ, ಮುಂದಿನ ಚಳಿಗಾಲ ತೀರ್ಪುಗಾರರ ತರಬೇತಿಗೆ ಬರುತ್ತೀಯಾ ಎಂದು ಕೇಳಿದಳು.

“ಬರ್ತೇನಿ ಅನ್ನು,” ಎಂದಳು ಮಹಾಂತಮ್ಮ ಗಂಡನಿಗೆ. “ಆದ್ರ ನಂದೊಂದು...”

ಕೋಣೆಯ ಹಿಂಗೋಡೆಯ ಕಡೆಯಿಂದ ಯಾರೋ ಸೀಟಿ ಹೊಡೆದರು. ಒಂದು ಸಲ. ಒಂದೆಂದರೆ ಬಲ. ಅವಳು ಮಾತನ್ನು ಅಲ್ಲಿಗೇ ಬಿಟ್ಟು, ಸೀರೆಯ ಮೇಲಿನ ಜಾಕೆಟಿನ ಜಿಪ್ಪು ಎಳೆದುಕೊಂಡು, ಹಿಮದ ಮೇಲೆ ಹೆಜ್ಜೆ ಸಪ್ಪಳವಾಗದಂತೆ ಆ ಗೋಡೆಯ ಕಡೆಗೆ ನಡೆದಳು.