ಮೂರು ಸಲ ಕುಟ್ಟಿದ ಕರಟ

ಚೆಟ್ಟಳ್ಳಿ ಕಡೆ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗಿನ ಮಾತು. ಕಾಫಿ ಸ್ಟೋರಿನ ಕಾವಲುಗಾರ ಕುಟ್ಟಪ್ಪ ದಿನಾ ಸಂಜೆ ಬಾಗಿಲಲ್ಲಿ ನಿಂತು ತೆಂಗಿನ ಕರಟವನ್ನು ಮೂರು ಸಲ ಕುಟ್ಟುತ್ತಿದ್ದ. ಅದು ಕಾಫಿ ಕಳ್ಳರಿಗೆ ಸನ್ನೆ ಅಂತ ನನಗೆ ಖಾತ್ರಿಯಾಗಿತ್ತು. ದೊರೆಗೆ ಹೇಳಿ ಅವನ ಕೆಲಸ ತೆಗೆಸುವ ಮೊದಲು ಕಣ್ಣಾರೆ ನೋಡೋಣವೆಂದು ಒಂದು ಸಂಜೆ ಮೂಟೆಗಳ ಹಿಂದೆ ಅಡಗಿ ಕೂತೆ.

ಕರಟದ ಸದ್ದಾಯಿತು. ಬಂದದ್ದು ಸ್ಟೋರಿನ ಮುದಿ ಬೆಕ್ಕು. ಅವತ್ತು ನಾನು ಹೊಸದಾಗಿ ಇಳಿಸಿದ್ದ ಮೂಟೆಗೆ ಮುಖ ಗುದ್ದಿಕೊಂಡು, ಸುತ್ತಿ ಬಳಸಿ, ಸದ್ದಿನ ಜಾಡು ಹಿಡಿದು ಕುಟ್ಟಪ್ಪ ಇಟ್ಟಿದ್ದ ಹಾಲಿನ ಹತ್ತಿರ ಹೋಯಿತು.

"ಅದಕ್ಕೆ ಕಣ್ಣು ಕಾಣೋದಿಲ್ಲ ರೈಟರೇ," ಎಂದ ಕುಟ್ಟಪ್ಪ, ನಾನು ಅಡಗಿದ್ದ ಕಡೆ ತಿರುಗದೆಯೇ.

ನಾನು ಅದನ್ನೂ ನಂಬಲಿಲ್ಲ. ಮರುದಿನ ದೊರೆಯ ಕುದುರೆ ನೋಡಲು ದನದ ಡಾಕ್ಟರು ಬಂದಾಗ ನಾನೂ ಕುಟ್ಟಪ್ಪನೂ ಬೆಕ್ಕನ್ನು ಎತ್ತಿಕೊಂಡು ಹೋದೆವು. ಡಾಕ್ಟರು ಅದರ ಮುಖದೆದುರು ಹತ್ತಿಯ ಉಂಡೆ ಬೀಳಿಸಿದರು. ಬೆಕ್ಕು ಅಲುಗಾಡಲಿಲ್ಲ.

"ಬಿಸಿಲಲ್ಲೂ ಪಾಪೆ ಇಷ್ಟು ಅಗಲ ಇದೆಯಲ್ಲ. ಎಷ್ಟು ದಿನದಿಂದ ಹೀಗೆ?"

"ಎರಡು ತಿಂಗಳಾಯ್ತು ಸ್ವಾಮಿ," ಎಂದ ಕುಟ್ಟಪ್ಪ.

ಡಾಕ್ಟರು ನನ್ನ ಕಡೆ ತಿರುಗಿದರು. "ಮೊದಲ ಸಲ ತಡವರಿಸಿದ ದಿನವೇ ತೋರಿಸಬೇಕಿತ್ತು. ಇನ್ನಾದರೂ ಅದು ಓಡಾಡುವ ದಾರಿಯಲ್ಲಿ ಮೂಟೆ ಇಡಬೇಡಿ. ದಿನಾ ಸ್ಟೋರಿನಲ್ಲೇ ಇರುತ್ತೀರಿ, ನಿಮ್ಮ ಗಮನಕ್ಕೆ ಬರಲಿಲ್ಲವೇ?"

ಎರಡು ತಿಂಗಳೂ ನಾನು ಕಾವಲುಗಾರನನ್ನೇ ಗಮನಿಸುತ್ತಿದ್ದೆ ಎಂದು ಹೇಳುವ ಹಾಗಿರಲಿಲ್ಲ. ಬೆಕ್ಕನ್ನು ಹಿಡಿದುಕೊಂಡು ಅವನು ಪಕ್ಕದಲ್ಲೇ ನಿಂತಿದ್ದ.