ಕೊಲೆಗಾರನ ಹೆಸರು ಮೊದಲ ಸಾಲಿನಲ್ಲಿ

ಶುಕ್ರವಾರ ಸಂಜೆ ಹಳೇಬೀಡಿನ ಬಸ್ಸು ಅರಸೀಕೆರೆ ನಿಲ್ದಾಣಕ್ಕೆ ಬಂತು. ಕಂಡಕ್ಟರ್ ಕಿಟಕಿಯಿಂದಲೇ ನನ್ನ ಕೈಗೊಂದು ಕಟ್ಟು ಕೊಟ್ಟ. ತೆಂಗಿನ ನಾರಿನ ಹುರಿ ಸುತ್ತಿದ ಪುಸ್ತಕ. ಮೂಗಿಗೆ ಹಿಡಿದೆ. ಜೀರಿಗೆ, ಬೆಲ್ಲ, ಹಿಂದೆಯೇ ಬಟ್ಟೆ ಸೋಪು. ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಎರಡು ದಿನ ಕಳೆದು ಬಂದ ಪುಸ್ತಕಕ್ಕೆ ಮಾತ್ರ ಇರುವ ವಾಸನೆ. ನಿಲ್ದಾಣದಲ್ಲಿ ಒಬ್ಬನೇ ನಿಂತು ನಗುವುದು ಅರವತ್ತು ದಾಟಿದವನಿಗೆ ಒಳ್ಳೆಯ ಹೆಸರು ತರುವುದಿಲ್ಲ. ಆದರೂ ನಕ್ಕೆ.

ಯಾಕೆಂದು ಹೇಳುತ್ತೇನೆ. ಮುಖ್ಯ ವಿಷಯವನ್ನು ಮೊದಲೇ ಹೇಳಬೇಕೆನ್ನುವುದು ನನ್ನ ಹಳೆಯ ರೋಗ. ಪತ್ರಿಕಾ ಕಚೇರಿಯಲ್ಲಿ ಮೂವತ್ತು ವರ್ಷ ಸುದ್ದಿ ತಿದ್ದಿದವನು ನಾನು. ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಮೊದಲ ಎರಡು ಸಾಲಿನಲ್ಲಿ ಬರಬೇಕು. ಉಳಿದದ್ದನ್ನು ಜಾಗವಿದ್ದರೆ ಹಾಕು, ಇಲ್ಲದಿದ್ದರೆ ಕತ್ತರಿಸು. ಈ ಶಿಸ್ತಿನಿಂದ ಎಷ್ಟೋ ವರದಿಗಳು ಉದ್ಧಾರವಾಗಿವೆ. ಒಂದು ಸ್ನೇಹ ಮಾತ್ರ ಮುರಿದುಬೀಳುವುದರಲ್ಲಿತ್ತು.

ಕೆಲವು ವರ್ಷಗಳ ಹಿಂದೆ ನಾವು ಮೂವರು ಒಂದೇ ಪುಸ್ತಕವನ್ನು ವಾರವಿಡೀ ಹಂಚಿಕೊಂಡು ಓದುವುದಕ್ಕೆ ಶುರುಮಾಡಿದೆವು. ಪುಸ್ತಕ ಒದಗಿಸುವವನು ಹಳೇಬೀಡಿನ ರುದ್ರಣ್ಣ. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ರದ್ದಿ ಕಾಗದ ತರಿಸುತ್ತಿದ್ದ. ಆ ರದ್ದಿಯಲ್ಲಿ ಕಾದಂಬರಿಗಳೂ ಬರುತ್ತಿದ್ದವು. ಒಂದು ಕಾದಂಬರಿಯ ಹಾಳೆ ಹರಿದು ಕಡಲೆಬೇಳೆ ಕಟ್ಟುವಾಗ ಅದರಲ್ಲಿದ್ದ ನಾಲ್ಕು ಸಾಲು ಓದಿದನಂತೆ. ಬೇಳೆ ವಾಪಸು ಸುರಿದು ಹಾಳೆ ಇಟ್ಟುಕೊಂಡನಂತೆ. ಬಿಡುವಾದಾಗ ಅದೇ ಪೊಟ್ಟಣದ ಕಾಗದದ ಮೇಲೆ ದೇವಸ್ಥಾನದ ಗೋಡೆಯ ಆನೆ ಸಾಲನ್ನು ಪೆನ್ಸಿಲಿನಲ್ಲಿ ಬಿಡಿಸುವುದು ಅವನ ಹವ್ಯಾಸ. ಹಳೇಬೀಡಿನಲ್ಲಿ ಸಾಸಿವೆ ಕೊಂಡವರ ಮನೆಗೆಲ್ಲ ಒಂದೊಂದು ಆನೆ ಹೋಗಿದೆ.

ಎರಡನೆಯವಳು ಜಾವಗಲ್ಲಿನ ಗೌರಕ್ಕ, ರವಿಕೆ ಹೊಲಿಯುವವಳು. ರುದ್ರಣ್ಣನ ಅಂಗಡಿಗೆ ಬಂದಾಗ ಪುಸ್ತಕದ ಸ್ಥಿತಿ ನೋಡಿ, "ಹಿಂಗ್ ಬೆತ್ತಲೆ ಬಿಟ್ಟಿದ್ದೀರಲ್ಲ, ನಾಚ್ಕೆ ಆಗಲ್ವಾ?" ಎಂದು ಬೈದು, ಉಳಿದ ಬಟ್ಟೆ ತುಂಡುಗಳಲ್ಲಿ ಹೊದಿಕೆ ಹೊಲಿದಳು. ಅಂದಿನಿಂದ ನಮ್ಮ ಪುಸ್ತಕಗಳಿಗೆಲ್ಲ ಜಾವಗಲ್ಲಿನ ಯಾರದಾದರೂ ಮದುವೆ ರವಿಕೆಯ ಬಣ್ಣ.

ಮೂರನೆಯವನು ನಾನು. ನನ್ನ ಹವ್ಯಾಸ ಹೇಳಿದರೆ ನಗುತ್ತೀರಿ. ಸಂಜೆ ಅರಸೀಕೆರೆ ರೈಲು ನಿಲ್ದಾಣದ ಬೆಂಚಿನಲ್ಲಿ ಕೂತು, ಯಾವ ರೈಲು ಎಷ್ಟು ತಡ, ಕಾರಣವೇನು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಯಾರೂ ಕೇಳಿಲ್ಲ. ಆದರೂ ಒಂದು ದಿನವೂ ತಪ್ಪಿಸಿರಲಿಲ್ಲ.

ವಾರದ ಕ್ರಮ ಹೀಗಿತ್ತು. ಸೋಮವಾರ, ಮಂಗಳವಾರ ಪುಸ್ತಕ ನನ್ನ ಬಳಿ. "ಪೇಪರ್‌ನೋರು ನೀವು, ಮೊದ್ಲು ಓದಿ ಸಾರ್" ಎಂದು ರುದ್ರಣ್ಣನೇ ಕೊಟ್ಟ ಮರ್ಯಾದೆ. ಬುಧವಾರ ಬೆಳಗಿನ ಬಸ್ಸಿನಲ್ಲಿ ಜಾವಗಲ್ಲಿಗೆ, ಶುಕ್ರವಾರ ಹಳೇಬೀಡಿಗೆ. ಭಾನುವಾರ ಮೂವರೂ ಹಳೇಬೀಡು ಕೆರೆ ಏರಿಯ ಮೇಲೆ ಸೇರುತ್ತಿದ್ದೆವು. ಗೌರಕ್ಕನ ಕೋಡುಬಳೆ, ರುದ್ರಣ್ಣನ ಆನೆ, ನನ್ನ ರೈಲು, ಆಮೇಲೆ ಪುಸ್ತಕದ ಮಾತು. ನಿವೃತ್ತಿಯಾದ ಮೇಲೆ ನನ್ನ ವಾರಕ್ಕೆ ತಲೆ ಬಾಲ ಇದ್ದದ್ದು ಆ ಭಾನುವಾರದಿಂದಲೇ.

ಪುಸ್ತಕದ ಒಳರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತಿದ್ದೆವು. ಓದಿದವರು ಮುಂದಿನವರಿಗಾಗಿ ಎರಡು ಸಾಲು ಬರೆಯಬೇಕು. ಪ್ರವಾಸ ಕಥನ, ಆತ್ಮಕಥೆಗಳು ಬರುತ್ತಿದ್ದಷ್ಟು ದಿನ ನನ್ನ ಸಾಲುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೊಂದು ವಾರ ಮುನ್ನೂರು ಪುಟದ ಕೊಲೆ ಕಾದಂಬರಿ ಬಂತು. ಓದಿ ಮುಗಿಸಿ, ಕೈ ತನ್ನ ಪಾಡಿಗೆ ತಾನು ಬರೆಯಿತು: "ಗಡಿಯಾರದಂಗಡಿ ಮಾಲೀಕನನ್ನು ಕೊಂದದ್ದು ಅವನ ಡಾಕ್ಟರು. ಪಾಯಸದಲ್ಲಿ ವಿಷ, ಆಸ್ತಿಯ ಆಸೆ. ನಿರೂಪಣೆ ಸೊಗಸಾಗಿದೆ."

ಪದಗಳು ಎಷ್ಟು ಕಡಿಮೆ ನೋಡಿ! ನಾನು ಹೆಮ್ಮೆಪಟ್ಟೆ.

ಬುಧವಾರ ಹತ್ತು ಗಂಟೆಗೆ ಫೋನು.

"ಅಣ್ಣ, ಏನ್ರೀ ಇದು?" ಗೌರಕ್ಕನ ಧ್ವನಿ ಸಣ್ಣಗಿತ್ತು. ಜೋರಾಗಿದ್ದರೆ ಹೆದರುತ್ತಿರಲಿಲ್ಲ. "ಎರಡ್ ದಿನ ಯಾರ್ ಅಳತೆನೂ ತಗಳಲ್ಲ ಅಂತ ಬಾಗಿಲಿಗೆ ಬರ್ದಾಕಿ ಕೂತಿದ್ದೆ. ಉಣ್ಣಕೆ ಕರ್ದು, ಎಲೆ ಹಾಕೋಕ್ ಮುಂಚೆನೇ ಕೈ ತೊಳ್ಕಳಿ ಅಂದಂಗಾಯ್ತಲ್ಲ!"

"ಮುಖ್ಯವಾದದ್ದು ಮೊದಲ ಸಾಲಲ್ಲೇ ಬರಬೇಕಲ್ಲಕ್ಕ..."

"ಹಂಗಾರೆ ನೀವೇ ಇಟ್ಕಳಿ ನಿಮ್ ಸಾಲು. ನಂಗೆ ಇನ್ಮೇಲೆ ಪುಸ್ತಕನೂ ಬ್ಯಾಡ, ಭಾನುವಾರನೂ ಬ್ಯಾಡ."

ಫೋನು ಇಟ್ಟಳು. ಮನೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಅವಳಿಲ್ಲದ ಕೆರೆ ಏರಿಯನ್ನು ಊಹಿಸಿಕೊಂಡೆ: ನಾನು ರೈಲಿನ ಲೆಕ್ಕ ಓದುತ್ತಿದ್ದೇನೆ, ರುದ್ರಣ್ಣ ಆಕಳಿಸುತ್ತಿದ್ದಾನೆ. ಎರಡು ಭಾನುವಾರ ಹೆಚ್ಚೆಂದರೆ. ಮೂರನೆಯದಕ್ಕೆ ಅವನೂ ಬರುವುದಿಲ್ಲ.

ತಪ್ಪು ಸುದ್ದಿ ಅಚ್ಚಾದರೆ ಪತ್ರಿಕೆಯವರು ನಾವು ಏನು ಮಾಡುತ್ತೇವೆ? ತಿದ್ದುಪಡಿ ಹಾಕುತ್ತೇವೆ. ನನ್ನ ಸುದ್ದಿ ಸರಿಯಾಗಿಯೇ ಇತ್ತು, ಅದೇ ತೊಂದರೆ. ಮಧ್ಯಾಹ್ನ ಫೋನು ಮಾಡಿದೆ. ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಗೌರಕ್ಕ, ಒಂದು ತಿದ್ದುಪಡಿ ಇದೆ. ಹೆಸರು ತಪ್ಪಾಗಿ ಬರೆದೆ. ಡಾಕ್ಟರಲ್ಲ."

ಯಂತ್ರ ನಿಂತಿತು. "ಮತ್ಯಾರು?"

"ಹೇಳಿದರೆ ಮತ್ತೆ ಬೈತೀರಿ."

"ಅಣ್ಣ, ಚೀಟೀಲಿ ಸುಳ್ಳು ಬರ್ದಿದ್ರೋ, ಈಗ ಸುಳ್ಳು ಹೇಳ್ತಿದ್ದೀರೋ?"

ನಾನು ಫೋನು ಇಟ್ಟುಬಿಟ್ಟೆ. ಮೂವತ್ತು ವರ್ಷದಲ್ಲಿ ಗೊತ್ತಿದ್ದೂ ಕೊಟ್ಟ ಮೊದಲ ಸುಳ್ಳು ಸುದ್ದಿ. ಪಶ್ಚಾತ್ತಾಪ ಆಗಬೇಕಿತ್ತು. ಆದದ್ದು ಕುಣಿಯಬೇಕೆನ್ನುವಷ್ಟು ಖುಷಿ.

ಗುರುವಾರ ಸಂಜೆ ಮತ್ತೆ ಫೋನು. ಕಿವಿಯಿಂದ ಒಂದು ಗೇಣು ದೂರ ಹಿಡಿದೆ.

"ಡಾಕ್ಟ್ರೇ ಕಣ್ರೀ! ಅಯ್ಯೋ ಸುಳ್ಳುಗಾರ ಅಣ್ಣ! ಆವಯ್ಯ ಬಂದಾಗೆಲ್ಲ, ಇವನಲ್ಲ ಬಿಡು, ಅಣ್ಣ ಹೇಳವ್ರಲ್ಲ ಅಂದ್ಕಂಡೆ. ನೂರು ಪುಟದಗಂಟ ಹೆಂಡ್ತಿ ಮ್ಯಾಲೆ ಅನುಮಾನ, ಆಮೇಲೆ ಬಾಡಿಗೆಯೋನ ಮ್ಯಾಲೆ. ಮಧ್ಯೆ ಅರ್ಜೆಂಟು ಅಂತ ಒಂದು ರವಿಕೆ ಹೊಲಿಯಾಕೆ ಕೂತು, ಎಲ್ಡೂ ಎಡಗೈ ತೋಳೇ ಹೊಲ್ದಿವ್ನಿ!" ಆಮೇಲೆ ಉಸಿರು ಸಿಕ್ಕಿಕೊಳ್ಳುವಷ್ಟು ನಗು.

"ಭಾನುವಾರ ಬರ್ತೀರಾ?" ಮೆಲ್ಲಗೆ ಕೇಳಿದೆ.

"ಬರ್ದೆ ಇರ್ತೀನಾ? ನಿಮ್ಮನ್ನ ಬೈಯೋದು ಫೋನಲ್ಲಿ ಮುಗಿಯೋ ಅಂಥದ್ದಾ?"

ಪುಸ್ತಕ ಕಳಿಸುವ ಮೊದಲು ಆ ಪುಣ್ಯಾತ್ಗಿತ್ತಿ ಚೀಟಿಯಲ್ಲಿ ನನ್ನ ಸಾಲಿನ ಕೆಳಗೆ ಬರೆದಿದ್ದಳು: "ಮೇಲಿಂದು ನಂಬಬೇಡಿ. ಕೊಂದದ್ದು ಹೆಂಡತಿ." ರುದ್ರಣ್ಣ ಎರಡು ಹೇಳಿಕೆಗಳ ನಡುವೆ ಸಿಕ್ಕಿ, ಉಪ್ಪು ಕೇಳಿದವರಿಗೆ ಸಕ್ಕರೆ ಕಟ್ಟಿಕೊಟ್ಟನಂತೆ. ಭಾನುವಾರ ಅವನು ತಂದ ಚಿತ್ರದಲ್ಲಿ ಆನೆ ಇರಲಿಲ್ಲ. ಪಾಯಸದ ಬಟ್ಟಲು ಹಿಡಿದ ಡಾಕ್ಟರಿದ್ದ. ಮೀಸೆ ನನ್ನದು.

ಏರಿಯ ಮೇಲೆ ತೀರ್ಪಾಯಿತು. ಇನ್ನು ಮುಂದೆ ಯಾವ ಪುಸ್ತಕವಾದರೂ ಚೀಟಿಯಲ್ಲಿ ಒಬ್ಬ ಕೊಲೆಗಾರನ ಹೆಸರಿರಬೇಕು, ನಿಜವೋ ಸುಳ್ಳೋ ಹೇಳುವಂತಿಲ್ಲ. ಹಿಮಾಲಯದ ಪ್ರವಾಸ ಕಥನಕ್ಕೆ ಗೌರಕ್ಕ "ಕೊಂದದ್ದು ಹೇಸರಗತ್ತೆ" ಎಂದು ಬರೆದಳು. ಆ ಕತ್ತೆ ಬಂದಾಗಲೆಲ್ಲ ನನ್ನ ಎದೆ ಡವಗುಟ್ಟಿದೆ. ನನಗೆ ಶಿಕ್ಷೆಯೂ ಆಯಿತು: ಮೊದಲ ಓದು ಗೌರಕ್ಕನದು, ಆಮೇಲೆ ರುದ್ರಣ್ಣನದು, ಶುಕ್ರವಾರ ಕೊನೆಗೆ ನನ್ನದು. ಅದೇ ಇವತ್ತಿಗೂ ನಡೆದಿದೆ.

ಹಾಗೆ ಮೊನ್ನೆ ಶುಕ್ರವಾರ ಬಂದ ಕಟ್ಟನ್ನು ನಾನು ರೈಲು ನಿಲ್ದಾಣದ ಬೆಂಚಿನ ಮೇಲೆ ಬಿಚ್ಚಿದೆ. ಗಿಳಿಹಸಿರು ಹೊದಿಕೆ, ಒಳಗೆ ಕೊಲೆ ಕಾದಂಬರಿ. ಚೀಟಿಯಲ್ಲಿ ಗೌರಕ್ಕ: "ಅಜ್ಜಿ." ಕೆಳಗೆ ರುದ್ರಣ್ಣ: "ಅಜ್ಜಿಯೇ ಸಾರ್, ನಂಬಿ." ಇಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಹೆಸರು ಬರೆದದ್ದು ಇದೇ ಮೊದಲು. ಒಂದೋ ಇಬ್ಬರೂ ಮಾತಾಡಿಕೊಂಡು ನನ್ನ ದಾರಿ ತಪ್ಪಿಸುತ್ತಿದ್ದಾರೆ, ಇಲ್ಲವೇ ಅದು ನಿಜ, ನಾನು ನಂಬುವುದಿಲ್ಲವೆಂದು ಅವರಿಗೆ ಗೊತ್ತು. ಮೂರನೆಯ ಪುಟದಲ್ಲೇ ಅಜ್ಜಿ ಬಂದಳು. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಅವಳ ಬೆರಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ತಲೆಯೆತ್ತಿದಾಗ ಪ್ಲಾಟ್‌ಫಾರ್ಮ್ ಖಾಲಿ. ರೈಲು ಬಂದು, ಜನ ಇಳಿದು ಹತ್ತಿ, ಹೊರಟೂ ಹೋಗಿತ್ತು. ನೋಟ್‌ಬುಕ್ ತೆರೆದೆ. ದಾಖಲೆ ದಾಖಲೆಯೇ. ಎಷ್ಟು ತಡ ಎಂಬಲ್ಲಿ "ಗೊತ್ತಿಲ್ಲ" ಎಂದು ಬರೆದೆ. ಕಾರಣ ಎಂಬಲ್ಲಿ, ಸ್ವಲ್ಪ ಯೋಚಿಸಿ, "ಅಜ್ಜಿ" ಎಂದು ಬರೆದೆ.