ಬೀಗವಿಲ್ಲದ ಕೋಟೆಗೆ ನಾಲ್ಕು ನಿಮಿಷ

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್‌ಗಳು ನಮ್ಮ ಮನೆಯ ಗೋಡೆಬೀರುವಿನಲ್ಲಿ ಸಾಲಾಗಿ ನಿಂತಿವೆ. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕಪ್ ಸಿಗದ ಗೆಲುವು ಒಂದಿದೆ. ಅದು ನಡೆದದ್ದು ಯಶವಂತಪುರದ ನಮ್ಮ ವಠಾರದ ಅಂಗಳದಲ್ಲಿ, ಒಂದು ಭಾನುವಾರ ಊಟವಾದ ಮೇಲೆ, ಮೂವರು ಕೇಳುಗರ ಮುಂದೆ. ಅದಾದ ಮೇಲೆ ಒಬ್ಬ ಹೆಂಗಸು ಬರೆಯುವುದನ್ನು ನಿಲ್ಲಿಸಿದಳು. ನಾನು ಗೆದ್ದರೆ ನಿಲ್ಲಿಸುತ್ತಾಳೆಂದು ಅವಳೇ ಮೊದಲು ಹೇಳಿದ್ದಳು. ಗೊತ್ತಿದ್ದೂ ಗೆದ್ದೆ.

ವಠಾರ ಎಂದರೆ ಎದುರುಬದುರಾಗಿ ಮೂರು ಮೂರು ಮನೆ, ನಡುವೆ ಒಂದು ನಲ್ಲಿ, ರಸ್ತೆಗೆ ಒಂದೇ ಬಾಗಿಲು. ಹಿಂದಿನ ಗೋಡೆಯ ಆಚೆ ರೈಲ್ವೆ ಗೂಡ್ಸ್ ಯಾರ್ಡು. ವ್ಯಾಗನ್ನಿಗೆ ವ್ಯಾಗನ್ ಬಡಿದಾಗಲೆಲ್ಲ ನಮ್ಮ ಅಡುಗೆಮನೆಯ ತಟ್ಟೆಗಳು ಸದ್ದು ಮಾಡುತ್ತಿದ್ದವು. ಯಾರ ಮನೆಯಲ್ಲಿ ಏನು ಹುರಿದರೂ, ಯಾರು ಯಾರಿಗೆ ಬೈದರೂ, ಆರು ಮನೆಗೂ ಪಾಲು. ಇಂಥ ಕಡೆ ಗುಟ್ಟಾಗಿ ಏನಾದರೂ ಇಟ್ಟುಕೊಳ್ಳಬೇಕೆಂದರೆ ಅದನ್ನು ತಲೆಯೊಳಗೇ ಇಟ್ಟುಕೊಳ್ಳಬೇಕು.

ಆರು ಮನೆಗೂ ಸೇರಿ ಒಂದೇ ವಾರಪತ್ರಿಕೆ ಬರುತ್ತಿತ್ತು. ಒಂದು ಮನೆಗೆ ಒಂದು ದಿನ. ನಿಮ್ಮ ದಿನ ಮುಗಿದ ಮೇಲೆ ಬೆಳಿಗ್ಗೆ ನಲ್ಲಿಗೆ ಬರುವಾಗ ಪಕ್ಕದ ಮನೆಗೆ ದಾಟಿಸಬೇಕು. ಓದಿ ಮುಗಿಯಲಿಲ್ಲ ಎನ್ನುವ ಸಬೂಬು ನಡೆಯುತ್ತಿರಲಿಲ್ಲ. ಅದರಲ್ಲಿ ಒಂದು ಮಾಯಾಲೋಕದ ಧಾರಾವಾಹಿ ಬರುತ್ತಿತ್ತು. ಕೈಯಿಂದ ಮುಟ್ಟಿದರೆ ಸಾಕು, ಎಂಥ ಬೀಗವನ್ನಾದರೂ ತೆರೆಯಬಲ್ಲ ಹುಡುಗಿಯೊಬ್ಬಳ ಕತೆ. ನಾನು ಆಗ ಪಿಯುಸಿ ಎರಡನೇ ವರ್ಷ. ದೇವರು, ದೆವ್ವ, ಜಾತಕ ಮೂರನ್ನೂ ಖಂಡಿಸುತ್ತಿದ್ದವಳು. ಆದರೂ ಆ ಹುಡುಗಿಗಾಗಿ ಬುಧವಾರದ ನಮ್ಮ ಸರದಿಯನ್ನು ಕಾಯುತ್ತಿದ್ದೆ. ಒಂದು ವಾರ ಧಾರಾವಾಹಿ ಇರಲಿಲ್ಲ. ಅದರ ಜಾಗದಲ್ಲಿ, ಅನಿವಾರ್ಯ ಕಾರಣಗಳಿಂದ ನಿಲ್ಲಿಸಲಾಗಿದೆ ಎಂದು ಎರಡು ಸಾಲು. ಹುಡುಗಿ ಆಗಷ್ಟೇ ಕುದುರೆ ಹತ್ತಿ ಕಾಡು ಹೊಕ್ಕಿದ್ದಳು. ಕಾಡಿನಲ್ಲೇ ಉಳಿದಳು.

ಅವಳನ್ನು ಕಾಡಿನಿಂದ ಹೊರಗೆ ತಂದವಳು ನಮ್ಮ ಎದುರು ಮನೆಯ ಅಕ್ಕ. ಗದಗಿನ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನಿಗೆ ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಮಾತಿಲ್ಲ, ಗುರುತಿಲ್ಲ, ಮಂಚವೇ ಎಲ್ಲ. ಹೀಗಾಗಿ ಅಕ್ಕನ ಓಡಾಟ ಮಂಚದಿಂದ ನಲ್ಲಿಗೆ, ನಲ್ಲಿಯಿಂದ ಮಂಚಕ್ಕೆ. ಒಂದು ಬೆಳಿಗ್ಗೆ ಆಕೆ ವಾರಪತ್ರಿಕೆಯ ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್ಕನ್ನೂ ದಾಟಿಸಿದಳು. "ಹುಡುಗಿ ಕಾಡಿನ್ಯಾಗ ಒಬ್ಬಾಕಿನ ಅದಾಳಲ್ಲ, ನನಗ ನಿದ್ದಿ ಹತ್ತವಲ್ದು. ಮುಂದಿಂದ ನಾನ ಬರದೇನಿ. ನಗಬ್ಯಾಡ್ರಿ ಮತ್ತ."

ಯಾರೂ ನಗಲಿಲ್ಲ. ನಿಜ ಹೇಳಬೇಕೆಂದರೆ ಪತ್ರಿಕೆಯವರಿಗಿಂತ ಅಕ್ಕ ಚೆನ್ನಾಗಿ ಬರೆಯುತ್ತಿದ್ದಳು. ನೋಟ್‌ಬುಕ್ಕಿಗೂ ಅದೇ ಸರದಿ, ಮನೆಗೊಂದು ದಿನ. ಕೊನೆಯ ಹತ್ತು ಹಾಳೆಗಳನ್ನು ಓದುಗರ ಅಭಿಪ್ರಾಯಕ್ಕೆಂದು ಬಿಟ್ಟಿದ್ದಳು. ಮೂಲೆಮನೆಯ ತಾತ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರು ಬರೆದರು: "ಕುದುರೆ ಇಷ್ಟು ದೂರ ನಿಲ್ಲದೆ ಓಡಲಾರದು. ನಡುವೆ ನೀರು ಕುಡಿಸುವುದು." ಮುಂದಿನ ಅಧ್ಯಾಯದಲ್ಲಿ ಕುದುರೆ ನೀರು ಕುಡಿಯಿತು. ನಮ್ಮ ಪಕ್ಕದಲ್ಲಿ ಟೈಲರ್ ಸಾಬರ ಮನೆ. ಅವರ ಮಗಳು ನನ್ನ ಓರಗೆಯವಳು, ನನ್ನ ಗೆಳತಿ. ಅವಳು ಕನ್ನಡದಲ್ಲಿ ಓದಿ, ತನ್ನ ಅಮ್ಮಿಗೆ ಅವರ ಮಾತಿನಲ್ಲಿ ಹೇಳುತ್ತಿದ್ದಳು. "ಅಮ್ಮಿಗೆ ಮಂತ್ರವಾದಿ ಇಷ್ಟ. ದಯವಿಟ್ಟು ಸಾಯಿಸಬೇಡಿ" ಎಂದು ಬರೆದಳು. ಮಂತ್ರವಾದಿ ಬದುಕಿಕೊಂಡ. ನಾನು ಮಾತ್ರ ಅಂಕಿ ಹಾಕಿ, ಒಂದು, ಎರಡು, ಮೂರು ಎಂದು ಆಕ್ಷೇಪಣೆಗಳನ್ನೇ ಬರೆಯುತ್ತಿದ್ದೆ.

ಆಮೇಲೆ ಕೋಟೆ ಬಂತು.

ಆ ಕೋಟೆಗೆ ಬೀಗವೇ ಇಲ್ಲ. ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ. ಒಳಗೆ ನೂರು ಜನ ಕಣ್ಣು ಮುಚ್ಚಿ ಮಲಗಿದ್ದಾರೆ, ಪ್ರತಿಯೊಬ್ಬರ ತಲೆಯ ಹತ್ತಿರ ಒಂದು ದೀಪ. ದೀಪ ಆರಿದರೆ ಉಸಿರು ನಿಲ್ಲುತ್ತದೆ. ಎಣ್ಣೆ ಹಾಕುತ್ತಿದ್ದ ಮುದುಕಿ ಹುಡುಗಿಯ ಕೈಗೆ ಎಣ್ಣೆಯ ಗಿಂಡಿ ಕೊಟ್ಟು ಹೊರಟುಹೋಗುತ್ತಾಳೆ. ಹುಡುಗಿ ನೂರನೆಯ ದೀಪಕ್ಕೆ ಎಣ್ಣೆ ಹಾಕುವಷ್ಟರಲ್ಲಿ ಮೊದಲನೆಯದು ಸಣ್ಣಗಾಗಿರುತ್ತದೆ. ಎಲ್ಲ ಬೀಗ ತೆರೆಯಬಲ್ಲವಳು ಬೀಗವೇ ಇಲ್ಲದ ಕಡೆ ಸಿಕ್ಕಿಬಿದ್ದಳು. ಮೂರು ಅಧ್ಯಾಯ ಹೀಗೇ ನಡೆಯಿತು. ಕುದುರೆ ಬಾಗಿಲಲ್ಲಿ ಕಾದೂ ಕಾದೂ ಬಡವಾಯಿತು.

ಅಭಿಪ್ರಾಯದ ಹಾಳೆಗಳು ಒಂದೇ ಸುತ್ತಿನಲ್ಲಿ ತುಂಬಿದವು. ಜಾಗ ಸಾಲದೆ ಜಗಳ ನಲ್ಲಿಗೆ ಬಂತು.

"ಏನಮ್ಮಾ ಇದು, ಮೂರು ವಾರದಿಂದ ಒಂದೇ ಸ್ಟೇಷನ್ನಲ್ಲಿ ಗಾಡಿ ನಿಲ್ಲಿಸಿದ್ದೀಯಾ! ಸಿಗ್ನಲ್ ಕೊಡಮ್ಮಾ" ಎಂದರು ತಾತ.

"ಅಕ್ಕಾ, ಅಮ್ಮಿ ರಾತ್ರಿಯೆಲ್ಲ ನಕ್ಕೋ, ನಕ್ಕೋ ಅಂತಿದ್ರು. ಬೇಡ್ವಂತೆ ಅವ್ರಿಗೆ ಈ ಕೋಟೆ" ಎಂದಳು ಗೆಳತಿ. "ನಮ್ಗೆ ಮನೇಲಿರೋ ಕೆಲ್ಸಾನೇ ಸಾಕು, ಕತೇಲೂ ಅದೇನಾ?"

ನಾನು ಕೊಡ ನಲ್ಲಿಗೆ ಹಿಡಿದುಕೊಂಡೇ ತರ್ಕಕ್ಕಿಳಿದೆ. "ಬಾಗಿಲು ತೆಗೆದಿದೆ ಅಂತ ನೀವೇ ಬರ್ದಿದ್ದೀರ. ತೆಗೆದಿರೋ ಕಡೆ ಸೆರೆ ಹೇಗಾಗುತ್ತೆ? ಇದು ವಿರೋಧಾಭಾಸ ಅಲ್ವಾ ಅಕ್ಕ?"

"ಬಾಗಲಾ ತಗದ ಐತಿ. ಹೋಗಬ್ಯಾಡ ಅಂತ ಯಾರೂ ಅಂದಿಲ್ಲ" ಎಂದಳು ಅಕ್ಕ. "ಹೋಗಾಕ ಆಗಂಗಿಲ್ಲ. ಅಷ್ಟ."

"ಹಾಗಿದ್ರೆ ಅವಳು ಯಾವಾಗ ಹೊರಗೆ ಬರ್ತಾಳೆ?"

"ಆಕಿ ಬರಬೇಕೋ ಬ್ಯಾಡೋ ನನಗ ಗೊತ್ತಿಲ್ಲ ತಂಗಿ. ಅದನ್ನ ತಿಳಕೊಳ್ಳಾಕನ ಬರೀಲಿಕ್ಕೆ ಹತ್ತೇನಿ. ನೀವೆಲ್ಲಾ ಸೇರಿ ಹೊರಗ ಕರಕೊಂಡ್ರಿ ಅಂದ್ರ, ನನಗ ಮುಂದ ಬರ್ಯಾಕ ಏನೂ ಉಳಿಯಂಗಿಲ್ಲ. ಅಲ್ಲಿಗೇ ನಿಲ್ಲಸ್ತೇನಿ." ಬೆದರಿಸುವ ದನಿಯಲ್ಲ ಅದು. ನೀರು ಹೋಗುವ ಹೊತ್ತಾಯಿತು ಎನ್ನುವಷ್ಟು ಸಹಜವಾಗಿ ಹೇಳಿದಳು.

ಇಲ್ಲಿ ಒಂದು ತಪ್ಪೊಪ್ಪಿಗೆ. ಕೋಟೆಯ ಅಧ್ಯಾಯಗಳು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದವು. ಬುಧವಾರ ಒಮ್ಮೆ ಓದಿ, ಸಾಲದೆ, ಗುರುವಾರ ದಾಟಿಸುವ ಮೊದಲು ಒಲೆಯ ಮುಂದೆ ಕೂತು ಇನ್ನೊಮ್ಮೆ ಓದಿದ್ದೆ. ಆದರೆ ಮೆಚ್ಚುಗೆಯನ್ನು ಹೇಗೆ ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ವಾದ ಮಾಡುವುದನ್ನು ಕಲಿಸಿದ್ದರು. ಆದ್ದರಿಂದ ಹೇಳಿದೆ: "ಹಾಗಾದ್ರೆ ಚರ್ಚೆ ಇಡೋಣ. ಭಾನುವಾರ. ಪರ, ವಿರೋಧ, ನಾಲ್ಕು ನಾಲ್ಕು ನಿಮಿಷ. ತೀರ್ಪು ಬಂದ ಹಾಗೆ ಕತೆ."

ಅಕ್ಕ ಸ್ವಲ್ಪ ಯೋಚಿಸಿ, "ಆತು" ಎಂದಳು. ಹಾಗೆ ನೋಡಿದರೆ ಅವಳಿಗೆ ಸಂತೋಷವೇ ಆದಂತಿತ್ತು. ತನ್ನ ಪರವಾಗಿ ಮಾತಾಡಲು ಒಂದು ಅವಕಾಶ ಸಿಕ್ಕಿತು ಎಂದುಕೊಂಡಿರಬೇಕು.

ಭಾನುವಾರ ಅತ್ತೆಗೆ ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ಬಾಗಿಲು ಓರೆ ಮಾಡಿ ಬಂದು ಅಕ್ಕ ಅಂಗಳದ ಕಲ್ಲಿನ ಮೇಲೆ ಕೂತಳು. ಕೈಯಲ್ಲಿ ಒಂದು ಚೀಟಿಯಿತ್ತು; ಏನು ಹೇಳಬೇಕೆಂದು ಬರೆದುಕೊಂಡು ಬಂದಿದ್ದಳು. ನಾನು ನಿಯಮ ಓದಿದೆ. ನಮ್ಮ ಸ್ಪರ್ಧೆಗಳ ನಿಯಮವೇ: ವಿಷಯ ಕೊಟ್ಟವರು ಮಾತಾಡುವ ಹಾಗಿಲ್ಲ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು. ಬಂದ ಪಕ್ಷವನ್ನು ನಂಬದಿದ್ದರೂ ನಂಬಿದವರಂತೆ ಮಾತಾಡಬೇಕು.

"ನಾ ಮಾತಾಡೂ ಹಾಂಗಿಲ್ಲೇನು?" ಎಂದಳು ಅಕ್ಕ.

"ನೀವು ವಿಷಯ ಕೊಟ್ಟವರು ಅಕ್ಕ. ನಿಯಮ."

ಅಕ್ಕ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹುಡುಗಿ ಕೋಟೆಯಲ್ಲೇ ಉಳಿಯಬೇಕು ಎಂಬ ಪಕ್ಷ ನನಗೇ ಬರುತ್ತದೆಂದು ನಾನು ಲೆಕ್ಕ ಹಾಕಿದ್ದೆ ಎಂದರೆ ಸುಳ್ಳು. ಬರಲಿ ಎಂದು ಆಸೆಯಿತ್ತು. ಮಾತಾಡುವವರು ನಾನು, ಗೆಳತಿ. ಮೊದಲು ನಾನು ಚೀಟಿ ಎತ್ತಿದೆ. ಹೊರಬರಬೇಕು ಎಂದಿತ್ತು. ಕೋಟೆ ಬೇಡವೆಂದು ನಲ್ಲಿಯ ಹತ್ತಿರ ಕೂಗಾಡಿದ್ದ ಗೆಳತಿಯ ಪಾಲಿಗೆ ಉಳಿಯಬೇಕು ಎಂಬುದು ಬಂತು. ಅವಳು ಚೀಟಿಯನ್ನು ನೋಡಿ, ನನ್ನನ್ನು ನೋಡಿ, "ಲೇ, ಬದಲಾಯಿಸ್ಕೊಳ್ಳೋಣ ಕಣೇ, ಯಾರಿಗೆ ಗೊತ್ತಾಗುತ್ತೆ" ಎಂದು ಪಿಸುಗುಟ್ಟಿದಳು. ಒಂದು ಕ್ಷಣದ ಕೆಲಸ. "ಹಾಗೆಲ್ಲ ಮಾಡ್ಬಾರ್ದು" ಎಂದೆ. ಎಷ್ಟು ಗಂಭೀರವಾಗಿ ಎಂದೆನೆಂದು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ತಾತ ತಮ್ಮ ಗಾರ್ಡಿನ ಸೀಟಿ ತಂದಿದ್ದರು. ಊದಿದರು. ಗೆಳತಿ ಎದ್ದು ನಿಂತು, "ದೀಪ ಆರಿದ್ರೆ ಅವ್ರೆಲ್ಲ ಸಾಯ್ತಾರೆ. ಪಾಪ ಅಲ್ವಾ. ಅದಕ್ಕೇ ಇರ್ಬೇಕು" ಎಂದಳು. ಮುಂದೆ ಹೊಳೆಯಲಿಲ್ಲ. ಇನ್ನೂ ಮೂರೂವರೆ ನಿಮಿಷ ಉಳಿದಿತ್ತು. ಸೆರಗಿನ ತುದಿ ತಿರುವುತ್ತ ನಿಂತಳು. ಅವಳ ಅಮ್ಮಿ, "ಬಸ್, ಬಸ್, ಬೈಠ್ ಜಾ" ಎಂದು ಕೈ ಹಿಡಿದು ಕೂರಿಸಿದರು.

ನಾನು ಎದ್ದೆ. ಹಳೆಯ ವಾರಪತ್ರಿಕೆಯ ಎರಡು ಸಂಚಿಕೆ ಹುಡುಕಿಟ್ಟುಕೊಂಡಿದ್ದೆ. ಒಂದರಲ್ಲಿ ಆ ಹುಡುಗಿ ಮೊಗ್ಗನ್ನು ಮುಟ್ಟಿದಾಗ ಅದು ಅರಳುತ್ತದೆ. ಇನ್ನೊಂದರಲ್ಲಿ ಮಗುವಿನ ಬಿಗಿದ ಮುಷ್ಟಿಯನ್ನು ಮುಟ್ಟಿದಾಗ ಅದು ಬಿಡಿಸಿಕೊಳ್ಳುತ್ತದೆ. "ಸಭಿಕರೇ," ಎಂದೆ, "ಇವಳ ಶಕ್ತಿ ಬೀಗಕ್ಕಷ್ಟೇ ಸೀಮಿತವಲ್ಲ. ಮುಚ್ಚಿರುವುದು ಯಾವುದಿದ್ದರೂ ಇವಳು ಮುಟ್ಟಿದರೆ ತೆರೆಯುತ್ತದೆ. ಹಾಗಿದ್ದ ಮೇಲೆ ಆ ನೂರು ಜನರ ಕಣ್ಣುಗಳೂ ಮುಚ್ಚಿವೆಯಲ್ಲ? ಇವಳೇಕೆ ಆ ರೆಪ್ಪೆಗಳನ್ನು ಮುಟ್ಟಲಿಲ್ಲ? ಮುಟ್ಟಲಿ. ಅವರು ಏಳಲಿ. ತಮ್ಮ ದೀಪಕ್ಕೆ ತಾವೇ ಎಣ್ಣೆ ಹಾಕಿಕೊಳ್ಳಲಿ!"

ತಾತ ತೊಡೆ ತಟ್ಟಿ, "ಭೇಷ್! ಲೈನ್ ಕ್ಲಿಯರ್!" ಎಂದರು. ಗೆಳತಿ ಅಷ್ಟನ್ನೂ ತರ್ಜುಮೆ ಮಾಡಿದ ಮೇಲೆ ಅಮ್ಮಿ ಕೈ ಮೇಲೆತ್ತಿ ದೇವರಿಗೆ ಕೃತಜ್ಞತೆ ಹೇಳಿದರು. ತೀರ್ಪುಗಾರರು ಅವರಿಬ್ಬರೇ; ಎರಡಕ್ಕೆ ಎರಡು ಮತ. ನಾಲ್ಕು ನಿಮಿಷದಲ್ಲಿ ನನಗೆ ಬೇಕಾದದ್ದು ಎರಡೂವರೆ ಮಾತ್ರ.

ಅಕ್ಕ ನನ್ನ ಕೈಯಿಂದ ಆ ಸಂಚಿಕೆಗಳನ್ನು ಇಸಕೊಂಡು ಮೊಗ್ಗಿನ ಸಾಲನ್ನೂ ಮುಷ್ಟಿಯ ಸಾಲನ್ನೂ ತಾನೇ ಓದಿದಳು. ಒಳಗಿನಿಂದ ಅತ್ತೆಯ ನರಳಾಟ ಕೇಳಿತು. ಎದ್ದು ಹೋದಳು.

ಮುಂದಿನ ಸುತ್ತಿನಲ್ಲಿ ನೋಟ್‌ಬುಕ್ ಬಂತು. ಎರಡೇ ಪುಟ. ಹುಡುಗಿ ನೂರು ಜೊತೆ ರೆಪ್ಪೆ ಮುಟ್ಟುತ್ತಾಳೆ, ನೂರು ಜನ ಏಳುತ್ತಾರೆ, ಅವಳು ಕುದುರೆ ಹತ್ತಿ ಹೋಗುತ್ತಾಳೆ. ಕೆಳಗೆ, ಮುಕ್ತಾಯ. ಅಕ್ಷರಗಳು ಯಾವತ್ತಿಗಿಂತ ದುಂಡಗಿದ್ದವು. ಶಾಲೆಯಲ್ಲಿ ಕಾಪಿ ಬರೆದಂತೆ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳನ್ನು ಹಿಡಿದೆ. "ಅಕ್ಕಾ, ಹೀಗೆ ಅವಸರ ಯಾಕೆ? ಹೊರಗೆ ಬಂದ ಮೇಲೂ ಕತೆ ಇರುತ್ತಲ್ವಾ?"

"ನೀ ಕಾನೂನ ಪ್ರಕಾರ ಗೆದ್ದಿ. ನಾ ಮಾತ ಕೊಟ್ಟಿದ್ದೆ." ಅತ್ತೆಯ ದುಪ್ಪಟಿಯನ್ನು ಹಿಂಡುತ್ತಿದ್ದಳು, ಒಂದು ತುದಿ ನಾನು ಹಿಡಿದುಕೊಂಡೆ. ನೀರು ಸುರಿಯುವುದು ನಿಂತ ಮೇಲೆ ಹೇಳಿದಳು: "ತಂಗಿ, ಮುಟ್ಟಿದ ಕೂಡಲೆ ಕಣ್ಣ ತೆರೀತಾರೇನು? ನಾ ದಿನಾ ಮುಟ್ಟತೇನಿ. ಮುಂಜಾನೆ, ಮಧ್ಯಾಹ್ನ, ಸಂಜಿ."

ಕತೆಯ ಹುಡುಗಿಯೇ ಬರೆದವಳು ಎನ್ನುವ ಸುಲಭದ ತೀರ್ಮಾನ ನನಗೆ ಆಗಲೂ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ಅಕ್ಕ ಅತ್ತೆಯನ್ನು ದೂರಿದ್ದನ್ನು ನಾನು ಕೇಳಿಲ್ಲ. ಬಿಟ್ಟು ಹೋಗುವ ಮಾತನ್ನೂ ಆಡಿದವಳಲ್ಲ. ಆದರೆ ಇದ್ದುಕೊಂಡೇ ಏನನ್ನೋ ಯೋಚಿಸಲು ಅವಳಿಗೆ ಒಂದು ಜಾಗ ಬೇಕಿತ್ತು. ಆರು ಮನೆಯ ಕಿವಿ ತಾಗದ ಜಾಗ. ಅದನ್ನು ಅವಳು ನೂರು ದೀಪ ಹಚ್ಚಿ ಕಟ್ಟಿಕೊಂಡಿದ್ದಳು. ನಾನು ಹೋಗಿ ಎಲ್ಲರನ್ನೂ ಎಬ್ಬಿಸಿದೆ.

ಆ ಬುಧವಾರ ನಾನು ಅಭಿಪ್ರಾಯದ ಕೊನೆಯ ಹಾಳೆಯಲ್ಲಿ, ಅಂಚಿನಲ್ಲೆಲ್ಲ ಸುತ್ತಿಸಿ, ವಿರುದ್ಧ ಪಕ್ಷವನ್ನು ಬರೆದೆ. ಹುಡುಗಿ ಏಕೆ ಕೋಟೆಯಲ್ಲೇ ಇರಬೇಕಿತ್ತು. ಮೊಗ್ಗಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವೇನು. ನನ್ನ ವಾದ ಎಲ್ಲಿ ಪೊಳ್ಳು. ಚೀಟಿ ಎತ್ತದೆ ನಾನು ಬರೆದ ಮೊದಲ ವಾದ ಅದು. ಅಳು ಬರುವಷ್ಟು ಚೆನ್ನಾಗಿ ಬಂದಿತ್ತು. ಸರದಿ ತಪ್ಪಿಸಿ ನೋಟ್‌ಬುಕ್ಕನ್ನು ನೇರವಾಗಿ ಅಕ್ಕನ ಕೈಗೇ ಕೊಟ್ಟೆ.

ಹೊಸ್ತಿಲಲ್ಲಿ ಕೂತು ಆಕೆ ಎರಡು ಸಲ ಓದಿದಳು. ತಲೆದೂಗಿದಳು. "ಭಾಳ ಚಲೋ ಬರದಿ" ಎಂದಳು. "ಅದನ್ನೂ ಚಲೋ ಹೇಳಿದ್ದಿ, ಇದನ್ನೂ ಚಲೋ ಹೇಳಿ. ನಿನ್ನ ಯಾವ ಮಾತ ನಂಬಲೆವ್ವಾ ನಾನು?"

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದಳು, ಉತ್ತರಕ್ಕಾಗಿ ಕಾದಳು ಕೂಡ. ನನ್ನ ಬಾಯಲ್ಲಿ ನಾಲ್ಕು ಉತ್ತರಗಳು ಸಿದ್ಧವಾಗಿದ್ದವು. ನಾಲ್ಕೂ ಚೆನ್ನಾಗಿದ್ದವು.

"ನಾಳೆ ಟೈಲರ್ ಮನೀ ಸರದಿ, ಕೊಡೂದು ಮರೀಬ್ಯಾಡ" ಎಂದು ನೋಟ್‌ಬುಕ್ ನನಗೇ ಕೊಟ್ಟು ಒಳಗೆ ಹೋದಳು.

ಕೊಟ್ಟೆ. ಅವರು ಮುಂದಿನ ಮನೆಗೆ ಕೊಟ್ಟರು. ಮುಕ್ತಾಯದ ನಂತರ ಖಾಲಿ ಹಾಳೆಗಳು ಎಷ್ಟೋ ಉಳಿದಿದ್ದವು. ಹೊಸದೇನೂ ಇಲ್ಲದಿದ್ದರೂ ಆ ನೋಟ್‌ಬುಕ್ ಇನ್ನೂ ಎರಡು ಸುತ್ತು ಮನೆಯಿಂದ ಮನೆಗೆ ಹೋಯಿತು. ಪ್ರತಿ ಮನೆಯವರೂ ಒಂದು ದಿನ ಇಟ್ಟುಕೊಂಡು, ಬೆಳಿಗ್ಗೆ ನಲ್ಲಿಯ ಹತ್ತಿರ ದಾಟಿಸಿದರು. ಅಕ್ಕನ ಮನೆಯಲ್ಲೂ ಒಂದೊಂದು ದಿನ ಇತ್ತು. ಮೂರನೆಯ ಸುತ್ತಿನಲ್ಲಿ ಬುಧವಾರ ಬಂತು, ನೋಟ್‌ಬುಕ್ ಬರಲಿಲ್ಲ. ಯಾರ ಮನೆಯಲ್ಲಿ ನಿಂತಿತೆಂದು ನಾವು ಯಾರೂ ಕೇಳಲಿಲ್ಲ.